ಫ್ಲೋರೈಡ್ ದ್ರಾವಣಕ್ಕೆ ಗಾಜೋ, ಪ್ಲಾಸ್ಟಿಕ್ಕೋ, ಟೆಫ್ಲಾನೋ? ಪಾತ್ರೆ ಆರಿಸುವ ಮುನ್ನ ನೋಡಬೇಕಾದದ್ದು

ಫ್ಲೋರೈಡ್ ಅಳೆಯುವ ಕೆಲಸಕ್ಕೆ ಹೊಸದಾಗಿ ಕೈ ಹಾಕಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಫ್ಲೋರೈಡ್ ಗಾಜನ್ನು ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪಕ್ಕದ ಟೇಬಲ್‌ನವರು ಗಾಜಿನ ಫ್ಲಾಸ್ಕ್‌ನಲ್ಲೇ ಸ್ಟ್ಯಾಂಡರ್ಡ್ (ಮೀಟರ್ ಸರಿಮಾಡಿಕೊಳ್ಳಲು ಬೇಕಾದ, ಪ್ರಮಾಣ ಖಚಿತವಾಗಿ ಗೊತ್ತಿರುವ ದ್ರಾವಣ) ಮಾಡುತ್ತಾರೆ. ಯಾರನ್ನು ನಂಬಲಿ?’ ಇಬ್ಬರನ್ನೂ ನಂಬಬಹುದು. ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ದ್ರಾವಣದ ಬಗ್ಗೆ, ಅಷ್ಟೇ.

ಗಾಜನ್ನು ನಿಜಕ್ಕೂ ಕೊರೆಯುವುದು ಹೈಡ್ರೋಫ್ಲೋರಿಕ್ ಆಮ್ಲ, ಚಿಕ್ಕದಾಗಿ ಎಚ್‌ಎಫ್. ನೀರಿನಲ್ಲಿ ಕರಗಿದ ಬರೀ ಫ್ಲೋರೈಡ್ ಅಯಾನು ಗಾಜಿನ ಪಕ್ಕದಲ್ಲಿ ತೆಪ್ಪಗೆ ಇರುತ್ತದೆ. ಅದಕ್ಕೊಂದು ಹೈಡ್ರೋಜನ್ ಅಯಾನು ಸಿಕ್ಕಿ ಎಚ್‌ಎಫ್ ಆಯಿತೋ, ಕಥೆಯೇ ಬೇರೆ. ಅದು ಗಾಜಿನಲ್ಲಿರುವ ಸಿಲಿಕಾನ್ ಮತ್ತು ಆಮ್ಲಜನಕದ ಕೊಂಡಿಯನ್ನು ಬಿಡಿಸುತ್ತದೆ, ಸಿಲಿಕಾನನ್ನು ತಾನೇ ಹಿಡಿದುಕೊಂಡು ಫ್ಲೋರೋಸಿಲಿಸಿಕ್ ಆಮ್ಲವಾಗಿ ನೀರಿಗೆ ಇಳಿಸುತ್ತದೆ. ಸಲ್ಫ್ಯೂರಿಕ್, ನೈಟ್ರಿಕ್ ಥರದ ಜೋರು ಆಮ್ಲಗಳಿಗೂ ಇದು ಆಗುವುದಿಲ್ಲ. 1771ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಫ್ಲೋರೈಟ್ ಖನಿಜವನ್ನು ಸಲ್ಫ್ಯೂರಿಕ್ ಆಮ್ಲದ ಜೊತೆ ಗಾಜಿನ ಪಾತ್ರೆಯಲ್ಲಿ ಕಾಯಿಸಿದಾಗ ಆ ಪಾತ್ರೆಯೇ ಸವೆದುಹೋಗಿತ್ತು. 1886ರಲ್ಲಿ ಫ್ಲೋರಿನನ್ನು ಬೇರ್ಪಡಿಸಿದ ಫ್ರಾನ್ಸಿನ ಮೊಯ್ಸಾನ್ ಗಾಜಿನ ಸಹವಾಸವೇ ಬೇಡ ಅಂತ ಪ್ಲಾಟಿನಂ ಪಾತ್ರೆ ಹಿಡಿದಿದ್ದರು.

ಹಾಗಾಗಿ ಗಾಜೋ ಪ್ಲಾಸ್ಟಿಕ್ಕೋ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ದ್ರಾವಣದ ಬಗ್ಗೆ ಐದು ವಿಷಯ ತಿಳಿದಿರಬೇಕು.

ಮೊದಲು ಪಿಎಚ್

ಎಲ್ಲಕ್ಕಿಂತ ಜಾಸ್ತಿ ತೂಕ ಇದಕ್ಕೇ. ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಅನ್ನುವ ಅಂಕಿ, ಅದು ಇಳಿದಷ್ಟೂ ಆಮ್ಲ ಜಾಸ್ತಿ. ಎಚ್‌ಎಫ್ ದುರ್ಬಲ ಆಮ್ಲ. ಅದರ ಪಿಕೆಎ ಸುಮಾರು 3.2. ಅಂದರೆ ಪಿಎಚ್ 3.2 ಇದ್ದಾಗ ದ್ರಾವಣದ ಫ್ಲೋರೈಡ್‌ನಲ್ಲಿ ಅರ್ಧ ಎಚ್‌ಎಫ್ ಆಗಿರುತ್ತದೆ. ಪಿಎಚ್ 2ಕ್ಕೆ ಇಳಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎಚ್‌ಎಫ್. ಪಿಎಚ್ 5.2ರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ. ಪಿಎಚ್ 7ರಲ್ಲಿ ಹತ್ತು ಸಾವಿರಕ್ಕೆ ಒಂದೋ ಎರಡೋ ಪಾಲು. ಪಿಎಚ್ ಒಂದು ಅಂಕಿ ಇಳಿದರೆ ಎಚ್‌ಎಫ್ ಹತ್ತು ಪಟ್ಟು ಏರುತ್ತದೆ, ಸುಮಾರು 4ರ ವರೆಗೆ ಇದೇ ಲೆಕ್ಕ.

ಸೋಡಿಯಂ ಫ್ಲೋರೈಡ್ ಅನ್ನು ಸುಮ್ನೆ ನೀರಿಗೆ ಹಾಕಿ ಕಲಕಿದ ದ್ರಾವಣ ಬಹಳ ಸೌಮ್ಯ. ಅದಕ್ಕೇ ಆಮ್ಲ ಹನಿಸಿದರೆ ಅದು ಎಚ್‌ಎಫ್ ದ್ರಾವಣ. ಬಾಟಲಿಯ ಮೇಲೆ ಸೋಡಿಯಂ ಫ್ಲೋರೈಡ್ ಅಂತ ಬರೆದಿದ್ದರೂ ಒಳಗಿರುವುದು ಅದೇ. ಪಾತ್ರೆ ಆರಿಸುವಾಗ ಲೇಬಲ್‌ಗಿಂತ ಪಿಎಚ್ ಪಟ್ಟಿ (ಅದ್ದಿದರೆ ಬಣ್ಣ ಬದಲಿಸುವ ಕಾಗದ) ನಂಬಿ.

ಪಟ್ಟಿ ಅಂತ ಬೇಕೆಂದೇ ಬರೆದೆ. ಪಿಎಚ್ ಮೀಟರಿನ ಎಲೆಕ್ಟ್ರೋಡ್ ತುದಿಯಲ್ಲಿರುವ ಬುಡ್ಡೆಯೂ ತೆಳು ಗಾಜಿನದೇ. ಆಮ್ಲೀಯ ಫ್ಲೋರೈಡ್‌ನಲ್ಲಿ ಅದನ್ನು ಅದ್ದಿದರೆ ಬೀಕರ್‌ಗಿಂತ ಮೊದಲು ಹಾಳಾಗುವುದು ಅದು.

ಎಷ್ಟು ಗಾಢ, ಎಷ್ಟು ಹೊತ್ತು, ಎಷ್ಟು ಬಿಸಿ

ಒಂದು ಸಣ್ಣ ಲೆಕ್ಕ ನೋಡಿ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರುವ ನೀರು ಒಂದು ಲೀಟರ್ ಇದೆ ಅಂದುಕೊಳ್ಳಿ. ಆ ಫ್ಲೋರೈಡ್ ಪೂರ್ತಿ ಎಚ್‌ಎಫ್ ಆಗಿ, ಪೂರ್ತಿ ಗಾಜಿನ ಮೇಲೆ ಬಿದ್ದರೂ ಅದು ಕರಗಿಸಬಲ್ಲ ಸಿಲಿಕಾ ಸುಮಾರು ಅರ್ಧ ಮಿಲಿಗ್ರಾಂ. ನೂರಾರು ಗ್ರಾಂ ತೂಗುವ ಬಾಟಲಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಇದ್ದ ಫ್ಲೋರೈಡ್ ಅಷ್ಟೂ ಹೋಯಿತು, ಅಲ್ವಾ?

ಇಡೀ ವಿಷಯದ ತಿರುಳು ಇದೇ ಅಂತ ನನ್ನ ಅನಿಸಿಕೆ. ಗಾಢ ದ್ರಾವಣದಲ್ಲಿ ನಾವು ಪಾತ್ರೆಯನ್ನು ಕಾಪಾಡಬೇಕು. ತೆಳು ದ್ರಾವಣದಲ್ಲಿ ಪಾತ್ರೆಗೆ ಏನೂ ಆಗುವುದಿಲ್ಲ, ಕಾಪಾಡಬೇಕಾದದ್ದು ಅಳತೆಯ ಸಂಖ್ಯೆಯನ್ನು. ಬೀಕರ್ ಪಳಪಳ ಹೊಳೆಯುತ್ತಿದೆ, ಅಂದಮೇಲೆ ಏನೂ ಆಗಿಲ್ಲ ಅಂದುಕೊಳ್ಳುವುದು ಎರಡನೆಯ ಸಂದರ್ಭದಲ್ಲಿ ತಪ್ಪು.

ಹೊತ್ತು ಮತ್ತು ಬಿಸಿ ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಐದು ನಿಮಿಷಕ್ಕೆ ಸರಿಯಾದ ಪಾತ್ರೆ ಐದು ವಾರಕ್ಕೆ ಸರಿ ಇರಬೇಕೆಂದಿಲ್ಲ. ಕಾಯಿಸಿದರೆ ಕೊರೆತದ ವೇಗ ಏರುತ್ತದೆ.

ನಿಮಗೆ ಬೇಕಾದ ಉತ್ತರ ಯಾವುದು

ಐದನೆಯದನ್ನು ಬಹಳ ಜನ ಮರೆಯುತ್ತಾರೆ. ನೀವು ಅಳೆಯುವುದು ಫ್ಲೋರೈಡನ್ನೋ, ಅಥವಾ ಫ್ಲೋರೈಡ್ ಇರುವ ದ್ರಾವಣದಲ್ಲಿ ಸಿಲಿಕಾನ್, ಬೋರಾನ್, ಸೋಡಿಯಂ, ಅಲ್ಯೂಮಿನಿಯಂಗಳನ್ನೋ? ಎರಡನೆಯದಾದರೆ ಗಾಜಿನಿಂದ ಇಳಿಯುವ ಚೂರುಪಾರು ಕೂಡ ನಿಮ್ಮ ಫಲಿತಾಂಶಕ್ಕೆ ಸೇರಿಬಿಡುತ್ತದೆ. ಆಗ ಗಾಜು ಎಷ್ಟೇ ಗಟ್ಟಿ ಇರಲಿ, ಬೇಡ.

ಇನ್ನು ಪಾತ್ರೆಗಳಿಗೆ ಬರೋಣ.

ಬೋರೋಸಿಲಿಕೇಟ್ ಗಾಜು

ಲ್ಯಾಬಿನ ಬೀಕರ್, ಫ್ಲಾಸ್ಕ್‌ಗಳೆಲ್ಲ ಬಹುತೇಕ ಇದೇ. ಇದರಲ್ಲಿ ನೂರಕ್ಕೆ ಸುಮಾರು 80 ಭಾಗ ಸಿಲಿಕಾ, 13 ಭಾಗ ಬೋರಾನ್ ಆಕ್ಸೈಡ್, ಉಳಿದದ್ದು ಸೋಡಿಯಂ ಆಕ್ಸೈಡ್ ಮತ್ತು ಅಲ್ಯೂಮಿನಾ. ಬಿಸಿ ತಡೆಯುವುದರಲ್ಲಿ, ಬೇರೆ ಆಮ್ಲಗಳನ್ನು ತಡೆಯುವುದರಲ್ಲಿ ಇದಕ್ಕೆ ಸಾಟಿ ಕಮ್ಮಿ. ಅದನ್ನು ನೋಡಿಯೇ ಜನ ಎಚ್‌ಎಫ್ ಅನ್ನೂ ತಡೆಯುತ್ತದೆ ಅಂದುಕೊಳ್ಳುತ್ತಾರೆ. ತಡೆಯುವುದಿಲ್ಲ.

ಫ್ಲೋರೈಡ್ ಅಳೆಯುವವರಿಗೆ ಇಲ್ಲಿ ಇನ್ನೂ ಒಂದು ತೊಡಕಿದೆ. ಗಾಢವಾದ ಆಮ್ಲೀಯ ದ್ರಾವಣದಲ್ಲಿ ಬೋರಾನ್ ಫ್ಲೋರೈಡನ್ನು ಹಿಡಿದು ಟೆಟ್ರಾಫ್ಲೋರೋಬೋರೇಟ್ ಆಗುತ್ತದೆ. ಫ್ಲೋರೈಡ್ ಅಳೆಯಲು ದ್ರಾವಣಕ್ಕೆ ಅದ್ದುವ ಎಲೆಕ್ಟ್ರೋಡ್ ಅದನ್ನು ಗುರುತಿಸುವುದಿಲ್ಲ. ಫ್ಲೋರೈಡ್ ದ್ರಾವಣದಲ್ಲೇ ಇರುತ್ತದೆ, ಮೀಟರ್ ಮಾತ್ರ ಕಮ್ಮಿ ತೋರಿಸುತ್ತದೆ. ಅಲ್ಯೂಮಿನಿಯಂ ಕೂಡ ಫ್ಲೋರೈಡನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ.

ಇಷ್ಟೆಲ್ಲ ಇದ್ದರೂ ಗಾಜನ್ನು ಪೂರ್ತಿ ಹೊರಹಾಕಬೇಡಿ. ಅಳತೆಯ ನಿಖರತೆಯಲ್ಲಿ ಅದರ ಜಾಗಕ್ಕೆ ಬರುವ ವಸ್ತು ಸುಲಭವಾಗಿ ಸಿಗುವುದಿಲ್ಲ. ಎ ದರ್ಜೆಯ ಒಂದು ಲೀಟರ್ ಗಾಜಿನ ಫ್ಲಾಸ್ಕ್‌ನಲ್ಲಿ ತಪ್ಪುವ ಅವಕಾಶ 0.4 ಮಿಲಿಲೀಟರಿನಷ್ಟು. ಪಾಲಿಪ್ರೊಪಿಲೀನ್ ಫ್ಲಾಸ್ಕ್‌ಗಳು ಸಾಮಾನ್ಯವಾಗಿ ಬಿ ದರ್ಜೆಯವು, ಅಲ್ಲಿ ಅದು ದುಪ್ಪಟ್ಟು. ಜೊತೆಗೆ ಬಿಸಿಗೆ ಪಾಲಿಪ್ರೊಪಿಲೀನ್ ಬೋರೋಸಿಲಿಕೇಟ್‌ಗಿಂತ ಸುಮಾರು 30 ಪಟ್ಟು ಅಥವಾ ಇನ್ನೂ ಜಾಸ್ತಿ ಹಿಗ್ಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಗುರುತಿನವರೆಗೆ ತುಂಬಿಸಿದ್ದಕ್ಕೂ ಬೆಳಗಿನ ತಂಪಿನಲ್ಲಿ ತುಂಬಿಸಿದ್ದಕ್ಕೂ ವ್ಯತ್ಯಾಸ ಬರುತ್ತದೆ.

ಅನುಭವಿಗಳು ಹಿಡಿಯುವ ಮಧ್ಯದ ದಾರಿ ಹೀಗಿದೆ. ಒಣಗಿಸಿದ ಸೋಡಿಯಂ ಫ್ಲೋರೈಡ್ 0.221 ಗ್ರಾಂ ತೂಗಿ, ಗಾಜಿನ ವಾಲ್ಯುಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಶುದ್ಧ ನೀರು ಹಾಕಿ ಕರಗಿಸಿ, ಒಂದು ಲೀಟರ್ ಗುರುತಿಗೆ ತರುವುದು. ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಸಿಕ್ಕಿತು. ಕಲಕಿದ ಕೂಡಲೇ ಪ್ಲಾಸ್ಟಿಕ್ ಬಾಟಲಿಗೆ ಸುರಿದು ಫ್ಲಾಸ್ಕ್ ತೊಳೆದಿಡುವುದು. ಆಮ್ಲ ಸೇರದ ಆ ದ್ರಾವಣಕ್ಕೆ ಕೆಲವು ನಿಮಿಷದ ಗಾಜಿನ ಸಂಪರ್ಕದಿಂದ ಏನೂ ಆಗುವುದಿಲ್ಲ. ಅಳೆಯಲು ಗಾಜು, ಇಡಲು ಪ್ಲಾಸ್ಟಿಕ್. ಸಾಮಾನ್ಯ ಲ್ಯಾಬಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ.

ಕೊರೆತ ಶುರುವಾದ ಗಾಜು ಹೇಗೆ ಕಾಣುತ್ತದೆ ಅಂತ ಒಮ್ಮೆ ನೋಡಿದರೆ ಮರೆಯುವುದಿಲ್ಲ. ನಾನು ಕೆಲಸ ಕಲಿತ ಲ್ಯಾಬಿನಲ್ಲಿ ಯಾರೋ ಆಮ್ಲ ಸೇರಿಸಿದ ಅಮೋನಿಯಂ ಫ್ಲೋರೈಡನ್ನು ಬೀಕರ್‌ನಲ್ಲಿ ಇಟ್ಟು ಸಂಜೆ ಮನೆಗೆ ಹೋಗಿದ್ದರು. ಬೆಳಿಗ್ಗೆ ಬೀಕರ್ ತೊಳೆದು ಒಣಗಿಸಿ ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದೆ. ದ್ರಾವಣ ನಿಂತಿದ್ದ ಮಟ್ಟದವರೆಗೆ ಗಾಜು ಉಸಿರು ಬಿಟ್ಟಂತೆ ಮಸುಕಾಗಿತ್ತು. ಒರೆಸಿದರೆ ಹೋಗುತ್ತಿರಲಿಲ್ಲ. ಉಗುರನ್ನು ಒಳಗೋಡೆಯ ಮೇಲೆ ಮೆಲ್ಲಗೆ ಎಳೆದರೆ ಆ ಗೆರೆ ದಾಟುವುದು ಕೈಗೆ ತಿಳಿಯುತ್ತಿತ್ತು. ಅಂಥ ಪಾತ್ರೆಯನ್ನು ಮತ್ತೆ ಬಳಸಬಾರದು. ತರಿತರಿಯಾದ ಮೈ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಗಾಜಿನ ಬಲವೂ ಕುಂದಿರುತ್ತದೆ. ಕಾಯಿಸಿದಾಗ ಒಡೆದರೆ ಕಷ್ಟ.

ಸಾಧಾರಣ ಗಾಜು ಮತ್ತು ಕ್ವಾರ್ಟ್ಜ್

ಮಾಮೂಲಿ ಬಾಟಲಿಗಳ ಸೋಡಾ-ಲೈಮ್ ಗಾಜಿನಲ್ಲಿ ಸಿಲಿಕಾ ಜೊತೆಗೆ ಸೋಡಿಯಂ, ಕ್ಯಾಲ್ಸಿಯಂ ಇರುತ್ತವೆ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದು ಬಹಳ ಕಮ್ಮಿ, ಹಾಗಾಗಿ ಕ್ಯಾಲ್ಸಿಯಂ ಜೊತೆ ಸೇರಿದ ಫ್ಲೋರೈಡ್ ದ್ರಾವಣದಿಂದ ಹೊರಬೀಳಬಹುದು. ಅಗ್ಗ ಅನ್ನುವುದು ಬಿಟ್ಟರೆ ಈ ಕೆಲಸಕ್ಕೆ ಇದರಿಂದ ಯಾವ ಲಾಭವೂ ಇಲ್ಲ.

ಕ್ವಾರ್ಟ್ಜ್ ಶುದ್ಧ ಸಿಲಿಕಾ. ಬೋರಾನ್, ಸೋಡಿಯಂ ಇಳಿಯುವ ಭಯವಿಲ್ಲ, ಕೊರೆತವೂ ಮಿಶ್ರ ಗಾಜುಗಳಿಗಿಂತ ನಿಧಾನ. ಆದರೂ ಸಿಲಿಕಾ ಸಿಲಿಕಾನೇ. ದುಡ್ಡು ಜಾಸ್ತಿ ಕೊಟ್ಟು ತಂದ ಕ್ವಾರ್ಟ್ಜ್ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) ಆಮ್ಲೀಯ ಫ್ಲೋರೈಡ್ ಬಿಟ್ಟರೆ ಅದರ ಮೈ ಮಂಕಾಗಿ ಬೆಳಕಿನ ಅಳತೆಯೇ ಕೆಡುತ್ತದೆ.

ಪಾಲಿಥಿನ್ ಬಾಟಲಿ

ಒಂದೇ ಒಂದು ಪಾತ್ರೆ ಕೊಳ್ಳಲು ದುಡ್ಡಿದೆ ಅಂದರೆ ಎಚ್‌ಡಿಪಿಇ (ಗಟ್ಟಿ ಪಾಲಿಥಿನ್) ಬಾಟಲಿ ಕೊಳ್ಳಿ. ನೀರಿನ ಸ್ಯಾಂಪಲ್, ಸ್ಟ್ಯಾಂಡರ್ಡ್, ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಎಲ್ಲಕ್ಕೂ ಆಗುತ್ತದೆ. ಮಾರಾಟಕ್ಕೆ ಬರುವ ಗಾಢ ಎಚ್‌ಎಫ್ ಕೂಡ ಸಾಮಾನ್ಯವಾಗಿ ಇದರಲ್ಲೇ ಬರುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ವಿಧಾನಗಳಲ್ಲಿ ಫ್ಲೋರೈಡ್ ಸ್ಯಾಂಪಲನ್ನು ಪ್ಲಾಸ್ಟಿಕ್‌ನಲ್ಲಿ, ಯಾವ ಸಂರಕ್ಷಕವನ್ನೂ ಸೇರಿಸದೆ 28 ದಿನ ಇಡಬಹುದು ಎಂದಿದೆ.

ಸಂರಕ್ಷಕ ಬೇಡ ಅನ್ನುವ ಮಾತಿಗೆ ಗಮನ ಕೊಡಿ. ಲೋಹಗಳ ಪರೀಕ್ಷೆಗೆ ತಂದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುವುದು ವಾಡಿಕೆ. ಅದೇ ಬಾಟಲಿಯಿಂದ ಫ್ಲೋರೈಡನ್ನೂ ಅಳೆದುಬಿಡೋಣ ಅಂದರೆ ಎಡವಟ್ಟು. ಆ ಪಿಎಚ್‌ನಲ್ಲಿ ಫ್ಲೋರೈಡ್ ಬಹುಪಾಲು ಎಚ್‌ಎಫ್ ಆಗಿರುತ್ತದೆ. ಬಾಟಲಿ ಗಾಜಿನದಾಗಿದ್ದರಂತೂ ದಿನ ಕಳೆದ ಹಾಗೆ ಕೈತಪ್ಪುವ ದಾರಿ ತೆರೆದಿರುತ್ತದೆ. ಫ್ಲೋರೈಡ್‌ಗೆ ಬೇರೆಯೇ ಬಾಟಲಿಯಲ್ಲಿ ನೀರು ಹಿಡಿಯಿರಿ.

ಪಾಲಿಥಿನ್‌ನ ಕುಂದುಗಳನ್ನೂ ಹೇಳಬೇಕು. ಬಿಸಿ ತಡೆಯುವುದಿಲ್ಲ. ಮೆದು ಪಾಲಿಥಿನ್ ಆದ ಎಲ್‌ಡಿಪಿಇ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಸೋಲುತ್ತದೆ. ಎಚ್‌ಡಿಪಿಇ ಸ್ವಲ್ಪ ಗಟ್ಟಿ, ಆದರೂ ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕಾಯಿಸುವ ಯಂತ್ರ) ಹಾಕುವಂತಿಲ್ಲ. ತೆಳು ಗೋಡೆಯ ಬಾಟಲಿಯಿಂದ ತಿಂಗಳುಗಟ್ಟಲೆ ಇಟ್ಟಾಗ ನೀರು ಅಷ್ಟಷ್ಟೇ ಆವಿಯಾಗಿ ಹೋಗಿ ಸ್ಟ್ಯಾಂಡರ್ಡ್ ಗಾಢವಾಗುತ್ತದೆ. ಬಿಸಿಲಿಗೆ, ವಯಸ್ಸಿಗೆ ಪ್ಲಾಸ್ಟಿಕ್ ಬಿರುಸಾಗುತ್ತದೆ. ಎಚ್‌ಎಫ್ ಇಟ್ಟ ಬಾಟಲಿಯನ್ನು ಆಗಾಗ ಪರೀಕ್ಷಿಸಲೇಬೇಕು.

ಕೊಳ್ಳುವಾಗ ಇನ್ನೊಂದು ಎಚ್ಚರ. ಒಳಮೈಗೆ ಫ್ಲೋರಿನ್ ಉಣಿಸಿದ ಎಚ್‌ಡಿಪಿಇ ಬಾಟಲಿಗಳೂ ಸಿಗುತ್ತವೆ. ದ್ರಾವಕಗಳು ಸೋರದಿರಲಿ ಅಂತ ಮಾಡಿದ್ದು ಅದು. ಅದರ ಮೈಯಿಂದ ಫ್ಲೋರೈಡ್ ನೀರಿಗೆ ಇಳಿಯಬಹುದು. ನಮ್ಮ ಕೆಲಸಕ್ಕೆ ಮಾಮೂಲಿಯದೇ ಒಳ್ಳೆಯದು.

ಪಾಲಿಪ್ರೊಪಿಲೀನ್, ಪಿಎಂಪಿ

ಮೀಟರ್ ಪಕ್ಕದಲ್ಲಿ ಕಲಕಲು ಬೀಕರ್ ಬೇಕಾದರೆ ಪಾಲಿಪ್ರೊಪಿಲೀನ್ ಹಿಡಿಯಿರಿ. ಬಿದ್ದರೆ ಒಡೆಯುವುದಿಲ್ಲ, 121 ಡಿಗ್ರಿಯ ಆಟೋಕ್ಲೇವ್ ತಡೆಯುತ್ತದೆ, ಕೋಣೆಯ ಬಿಸಿಯಲ್ಲಿ ಎಚ್‌ಎಫ್ ಕೂಡ ತಡೆಯುತ್ತದೆ. ಗಾಢ ನೈಟ್ರಿಕ್ ಆಮ್ಲ ಮಾತ್ರ ಆಗದು. ಇದರ ಮೈಗೆ ನೀರು ಅಂಟುವುದಿಲ್ಲವಾದ್ದರಿಂದ ನೀರಿನ ಮಟ್ಟ ಹೆಚ್ಚುಕಡಿಮೆ ಚಪ್ಪಟೆಯಾಗಿ ನಿಲ್ಲುತ್ತದೆ, ಓದಲು ಸುಲಭ. ಆದರೆ ಗೋಡೆ ಮಬ್ಬು.

ಪಿಎಂಪಿ ಅನ್ನುವ ಪ್ಲಾಸ್ಟಿಕ್ ಗಾಜಿನಂತೆಯೇ ಪಾರದರ್ಶಕ. ಇದರಲ್ಲಿ ಎ ದರ್ಜೆಯ ಫ್ಲಾಸ್ಕ್‌ಗಳೂ ಬರುತ್ತವೆ. ಆಮ್ಲೀಯ ಫ್ಲೋರೈಡನ್ನೇ ಗುರುತಿಗೆ ತುಂಬಿಸಿ ನಿಖರವಾಗಿ ಅಳೆಯಬೇಕಾದವರಿಗೆ ಹಾಕಿದ ದುಡ್ಡು ಸಾರ್ಥಕ. ಉಳಿದವರು ಮೇಲೆ ಹೇಳಿದ ಮಧ್ಯದ ದಾರಿಯಲ್ಲೇ ನೆಮ್ಮದಿಯಾಗಿ ಇರಬಹುದು.

ಟೆಫ್ಲಾನ್ ಬಳಗ

ಪಿಟಿಎಫ್‌ಇ, ಪಿಎಫ್‌ಎ, ಎಫ್‌ಇಪಿ ಮೂರೂ ಒಂದೇ ಬಳಗ. ಪಿಟಿಎಫ್‌ಇ ಮತ್ತು ಪಿಎಫ್‌ಎ 260 ಡಿಗ್ರಿವರೆಗೆ, ಎಫ್‌ಇಪಿ ಸುಮಾರು 200 ಡಿಗ್ರಿವರೆಗೆ ತಡೆಯುತ್ತವೆ. ಕಲ್ಲು, ಮಣ್ಣಿನ ಪುಡಿಯನ್ನು ಎಚ್‌ಎಫ್ ಹಾಕಿ ಕಾಯಿಸಿ ಕರಗಿಸುವ ಕೆಲಸಕ್ಕೆ ಈ ಬಳಗ ಬಿಟ್ಟರೆ ಪ್ಲಾಟಿನಂ, ಅಷ್ಟೇ. ಹಾಗೆ ಕರಗಿಸಿದ್ದನ್ನು ಧಾತುಗಳನ್ನು ಅಳೆಯುವ ಐಸಿಪಿ ಯಂತ್ರಕ್ಕೆ ಕೊಡುವವರು ಮುಂದಿನ ದಾರಿಯನ್ನೂ ನೋಡಬೇಕು. ಅಲ್ಲಿ ದ್ರಾವಣವನ್ನು ತುಂತುರು ಮಾಡುವ ನೆಬ್ಯುಲೈಸರ್, ಅದನ್ನು ಸುಡುಬಿಸಿಗೆ ಒಡ್ಡುವ ಟಾರ್ಚ್‌ಗಳು ಗಾಜು ಅಥವಾ ಕ್ವಾರ್ಟ್ಜ್‌ನವು ಇರಬಹುದು. ಬೋರಿಕ್ ಆಮ್ಲ ಹಾಕಿ ಉಳಿದ ಎಚ್‌ಎಫ್ ಅನ್ನು ಕಟ್ಟಿಹಾಕಬೇಕು, ಇಲ್ಲವೇ ಎಚ್‌ಎಫ್ ತಡೆಯುವ ಭಾಗಗಳನ್ನು ಹಾಕಿಸಬೇಕು. ಬೋರಾನ್ ಅನ್ನೇ ಅಳೆಯುವವರಿಗೆ ಮೊದಲ ಉಪಾಯ ಇಲ್ಲ.

‘ಎಲ್ಲಕ್ಕಿಂತ ದುಬಾರಿಯದು, ಹಾಗಾಗಿ ಎಲ್ಲಕ್ಕಿಂತ ಒಳ್ಳೆಯದು’ ಅಂತ ನೀರಿನ ಸ್ಯಾಂಪಲ್‌ಗೂ ಪಿಎಫ್‌ಎ ಬಾಟಲಿ ತರಿಸುವವರಿದ್ದಾರೆ. ದಯವಿಟ್ಟು ಬೇಡ. ಈ ಪ್ಲಾಸ್ಟಿಕ್‌ಗಳ ಒಡಲಲ್ಲೇ ಫ್ಲೋರಿನ್ ಇದೆ. ಹೊಸ ಪಾತ್ರೆಯಿಂದ ತೀರಾ ಸಣ್ಣ ಪ್ರಮಾಣದಲ್ಲಿ ಫ್ಲೋರೈಡ್ ಇಳಿಯುವುದುಂಟು. ಲೀಟರಿಗೆ ಮಿಲಿಗ್ರಾಂಗಳಲ್ಲಿ ಅಳೆಯುವವರಿಗೆ ಇದು ಗೊತ್ತೂ ಆಗದು. ಮೈಕ್ರೋಗ್ರಾಂ ಲೆಕ್ಕದಲ್ಲಿ ಹುಡುಕುವವರಿಗೆ ಅಗ್ಗದ ಪಾಲಿಥಿನ್ನೇ ಮೇಲು.

ಪ್ಲಾಟಿನಂ ಮೂಸೆ ಯಾರಿಗೆ ಬೇಕೋ ಅವರಿಗೆ ಆಗಲೇ ಗೊತ್ತಿರುತ್ತದೆ. ಸಿಲಿಕಾವನ್ನು ಎಚ್‌ಎಫ್‌ನಿಂದ ಆವಿಯಾಗಿಸಿ, ತೂಕದ ವ್ಯತ್ಯಾಸ ನೋಡುವವರು ಅವರು.

ಯಾರಿಗೆ ಯಾವುದು

ಕುಡಿಯುವ ನೀರು ಪರೀಕ್ಷಿಸುವವರು ನೀವಾದರೆ ನಿಮ್ಮ ಗಮನವೆಲ್ಲ ಲೀಟರಿಗೆ 1.5 ಮಿಲಿಗ್ರಾಂ ಸುತ್ತಮುತ್ತ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಟ್ಟ ಅದು. ಫ್ರಾಂಟ್ ಮತ್ತು ರಾಸ್ 1966ರಲ್ಲಿ ಪರಿಚಯಿಸಿದ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಬಳಸುತ್ತೀರಿ. ಜೊತೆಗೆ ಈ ಅಳತೆಗೆಂದೇ ಮಾಡಿದ ಟಿಸ್ಯಾಬ್ ಬಫರ್ ಸೇರಿಸುತ್ತೀರಿ, ಅದರ ಪಿಎಚ್ 5ರಿಂದ 5.5. ಆ ಪಿಎಚ್‌ನಲ್ಲಿ ಎಚ್‌ಎಫ್ ನೂರಕ್ಕೆ ಒಂದರ ಆಸುಪಾಸು. ಮೂರು ನಿಮಿಷ ಗಾಜಿನ ಬೀಕರ್‌ನಲ್ಲಿ ಕಲಕಿ ಓದಿಕೊಂಡರೆ ಆಕಾಶವೇನೂ ಬೀಳುವುದಿಲ್ಲ. ಆದರೂ ಪಾಲಿಪ್ರೊಪಿಲೀನ್ ಬೀಕರ್ ಅಷ್ಟೊಂದು ದುಬಾರಿಯಲ್ಲ, ಒಂದು ಸೆಟ್ ಇಟ್ಟುಕೊಳ್ಳಿ. ಇಲ್ಲಿ ಎಲೆಕ್ಟ್ರೋಡ್ ಕೊಡುವ ವೋಲ್ಟೇಜ್ ಒಂದು ಮಿಲಿವೋಲ್ಟ್ ಅತ್ತಿತ್ತಾದರೆ ಫಲಿತಾಂಶ ಸುಮಾರು ನೂರಕ್ಕೆ ನಾಲ್ಕರಷ್ಟು ಅಲುಗುತ್ತದೆ. ಅನುಮಾನದ ಒಂದು ಕಾರಣ ಕಳೆದರೂ ಅಷ್ಟು ಲಾಭ.

ಹಲ್ಲಿಗೆ ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್‌ಗಳನ್ನು ಪರೀಕ್ಷಿಸುವವರು ಗಾಜನ್ನು ಮುಟ್ಟಲೇಬೇಡಿ. ಅದರಲ್ಲಿ ಫ್ಲೋರೈಡ್ ನೂರಕ್ಕೆ 1.23 ಭಾಗ, ಪಿಎಚ್ 3ರಿಂದ 3.5. ಬಾಯಲ್ಲಿ ಕೂರಿಸಿದ ಪಿಂಗಾಣಿ ಹಲ್ಲಿನ ಹೊಳಪನ್ನೇ ಕೆಡಿಸುವಂಥದ್ದು ಅದು.

ಫ್ಲೋರೈಡನ್ನು ಬಟ್ಟಿ ಇಳಿಸುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು. ವಿಲ್ಲಾರ್ಡ್ ಮತ್ತು ವಿಂಟರ್ 1933ರಲ್ಲಿ ಕೊಟ್ಟ ವಿಧಾನದಲ್ಲಿ ಫ್ಲೋರೈಡ್ ಸಿಲಿಕಾ ಜೊತೆ ಸೇರಿ ಫ್ಲೋರೋಸಿಲಿಸಿಕ್ ಆಮ್ಲವಾಗಿಯೇ ಆಚೆ ಬರಬೇಕು. ಅಲ್ಲಿ ಗಾಜಿನ ಫ್ಲಾಸ್ಕ್, ಗಾಜಿನ ಮಣಿಗಳೇ ಬೇಕು. ಗಾಜು ಸವೆಯುವುದು ಆ ಕೆಲಸದ ಒಂದು ಭಾಗ.

ಗಾಢ ಎಚ್‌ಎಫ್ ಬಳಸುವವರಿಗೆ ಪಾತ್ರೆಗಿಂತ ಮೊದಲು ಮೈಮೇಲೆ ನಿಗಾ ಇರಲಿ. ನೂರಕ್ಕೆ 20 ಭಾಗಕ್ಕಿಂತ ತೆಳುವಾದ ಎಚ್‌ಎಫ್ ಚರ್ಮಕ್ಕೆ ತಾಗಿದರೆ ನೋವು ಕಾಣಿಸಿಕೊಳ್ಳಲು 24 ಗಂಟೆ ಆಗಬಹುದು. ಅಷ್ಟರಲ್ಲಿ ಅದು ಒಳಗಿಳಿದಿರುತ್ತದೆ. ನೂರಕ್ಕೆ 2.5 ಭಾಗದ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆ ಸಿಗುವಲ್ಲಿ ಇಲ್ಲದಿದ್ದರೆ ಬಾಟಲಿಯ ಮುಚ್ಚಳ ತೆಗೆಯಬೇಡಿ. ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ನೋವಿರಲಿ ಇಲ್ಲದಿರಲಿ ವೈದ್ಯರ ಬಳಿ ಹೋಗಿ. ಚೆಲ್ಲುವ ತ್ಯಾಜ್ಯದ ಡಬ್ಬವೂ ಪ್ಲಾಸ್ಟಿಕ್ಕಿನದೇ ಇರಬೇಕು. ಗಾಜಿನ ತ್ಯಾಜ್ಯ ಬಾಟಲಿಯಲ್ಲಿ ಬೇರೆ ಯಾರದ್ದೋ ಆಮ್ಲ ಮೊದಲೇ ಇದ್ದರೆ, ನೀವು ಸುರಿದ ಸೌಮ್ಯ ಫ್ಲೋರೈಡ್ ಅಲ್ಲೇ ಎಚ್‌ಎಫ್ ಆಗುತ್ತದೆ.

ಇಷ್ಟಾದರೂ ನಿಮ್ಮ ದ್ರಾವಣಕ್ಕೆ ಗಾಜು ನಡೆಯುತ್ತದೋ ಇಲ್ಲವೋ ಅನ್ನುವ ಅನುಮಾನ ಉಳಿದರೆ ಹೀಗೆ ಮಾಡಿ. ಒಂದೇ ದ್ರಾವಣವನ್ನು ಎರಡು ಪಾಲು ಮಾಡಿ, ಒಂದನ್ನು ಗಾಜಿನ ಬಾಟಲಿಗೆ, ಇನ್ನೊಂದನ್ನು ಎಚ್‌ಡಿಪಿಇಗೆ ಹಾಕಿ ಪಕ್ಕಪಕ್ಕ ಇಡಿ. ಎರಡನ್ನೂ ಮೊದಲ ದಿನವೇ ತೂಗಿ ಬರೆದಿಡಿ. ಮೊದಲ ದಿನ, ಏಳನೆಯ ದಿನ, 28ನೆಯ ದಿನ ಹೊಸದಾಗಿ ಮಾಡಿದ ಸ್ಟ್ಯಾಂಡರ್ಡ್‌ನಿಂದ ಮೀಟರ್ ಸರಿಮಾಡಿಕೊಂಡು ಎರಡನ್ನೂ ಅಳೆಯಿರಿ. ಪ್ರತಿ ಸಲ ಅಳತೆಗೆ ತೆಗೆಯುವ ಮುಂಚೆ ಮತ್ತು ತೆಗೆದ ಮೇಲೆ ತೂಗಿ. ಗಾಜಿನದು ಮಾತ್ರ ಇಳಿಯುತ್ತಾ ಹೋದರೆ ಉತ್ತರ ಸಿಕ್ಕಿತು. ಪ್ಲಾಸ್ಟಿಕ್‌ನದು ಮಾತ್ರ ಮೆಲ್ಲಗೆ ಏರಿ, ಇಟ್ಟಲ್ಲೇ ತೂಕವೂ ಇಳಿದಿದ್ದರೆ ನೀರು ಆವಿಯಾಗಿದೆ, ಮುಚ್ಚಳ ಬಿಗಿಯಾಗಿದೆಯಾ ನೋಡಿ. ಎರಡೂ ಒಟ್ಟಿಗೆ ಒಂದೇ ಕಡೆಗೆ ಸರಿದಿದ್ದರೆ ಬಾಟಲಿಗಳನ್ನು ಬಿಟ್ಟು ಎಲೆಕ್ಟ್ರೋಡನ್ನೂ ಆ ದಿನ ಮಾಡಿದ ಸ್ಟ್ಯಾಂಡರ್ಡನ್ನೂ ಪರೀಕ್ಷಿಸಿ.